ಆರು ವಾರ ಯಾರ ಲೆಕ್ಕ?

ಓದುಗರೊಬ್ಬರ ಪತ್ರ: ‘ನನಗೆ 51 ವರ್ಷ. ಗೋದಾಮಿನಲ್ಲಿ ಕೆಲಸ. ಮುಂದಿನ ತಿಂಗಳು ಬಲ ಮಂಡಿ ಬದಲಿಸುವ ಆಪರೇಷನ್ ಇದೆ. ಆರು ವಾರದಲ್ಲಿ ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರು ಅಂದರು. ಮ್ಯಾನೇಜರ್ ಅದನ್ನೇ ಹಿಡಿದು ಕೂತಿದ್ದಾರೆ. ಅಷ್ಟರಲ್ಲಿ ಆಗದಿದ್ದರೆ ಕೆಲಸ ಹೋಗುತ್ತದಾ ಅಂತ ಭಯ.’

ಸಂಪಾದಕರ ಉತ್ತರ: ಆರು ವಾರ ಅನ್ನುವುದು ಸುಳ್ಳಲ್ಲ. ಆದರೆ ಅದು ಕೂತು ಕೆಲಸ ಮಾಡುವವರ ಲೆಕ್ಕ. ಅಂಥವರು ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಮರಳುತ್ತಾರೆ. ದಿನವಿಡೀ ನಿಂತು, ಭಾರ ಎತ್ತಿ, ಏಣಿ ಹತ್ತುವವರಿಗೆ 3 ತಿಂಗಳಾದರೂ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ನಿಮ್ಮ ಕೆಲಸ ಎಂಥದ್ದು ಅಂತ ಡಾಕ್ಟರಿಗೆ ಹೇಳಿದ್ದೀರಾ? ಹೇಳಿರಲಿಕ್ಕಿಲ್ಲ ಅಂತ ನನ್ನ ಗುಮಾನಿ. ‘ಗೋದಾಮು’ ಅಂದರೆ ಸಾಲದು. ಎಷ್ಟು ಹೊತ್ತು ನಿಲ್ಲುತ್ತೀರಿ, ಎಷ್ಟು ಕಿಲೋ ಎತ್ತುತ್ತೀರಿ, ಏಣಿ ಎಷ್ಟು ಸಲ, ಮಂಡಿಯೂರಬೇಕಾ, ಕೆಲಸಕ್ಕೆ ಹೇಗೆ ಹೋಗುತ್ತೀರಿ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಆಪರೇಷನ್‌ಗೆ ಮುಂಚೆಯೇ ಡಾಕ್ಟರಿಗೂ ಫಿಸಿಯೋಥೆರಪಿಸ್ಟಿಗೂ ತೋರಿಸಿ. ಆಸ್ಪತ್ರೆಯಲ್ಲಿ ಸಿಗುವ ಸಲಹೆ ಹೆಚ್ಚಾಗಿ ನಿವೃತ್ತರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮನೆಯೊಳಗೆ ಓಡಾಡೋದು, ಸ್ನಾನ, ಮೆಟ್ಟಿಲು, ಅಲ್ಲಿಗೆ ಮುಗಿಯಿತು. 8 ಗಂಟೆಯ ಪಾಳಿಯ ಮಾತನ್ನು ನೀವೇ ಎತ್ತಬೇಕು.

ಚೇತರಿಸಿಕೊಳ್ಳಲು ಇಷ್ಟು ದಿನ ಯಾಕೆ ಹಿಡಿಯುತ್ತದೆ? ಹೊಸ ಮಂಡಿ ಭಾರ ಹೊರುವುದಕ್ಕೆ ಕಾಯುವುದಿಲ್ಲ. ಹೆಚ್ಚಿನವರನ್ನು ಆಪರೇಷನ್ ಆದ ದಿನವೋ ಮರುದಿನವೋ ವಾಕರ್ ಹಿಡಿಸಿ ನಡೆಸುತ್ತಾರೆ. ಹಿಂದೆ ಬೀಳುವುದು ತೊಡೆಯ ಮುಂಭಾಗದ ಸ್ನಾಯು. ನೋವಿಗೆ ಹೆದರಿ ಆ ಕಾಲಿಗೆ ಕೆಲಸ ಕೊಡದೆ ಅದು ಮೊದಲೇ ಸೊರಗಿರುತ್ತದೆ, ಆಪರೇಷನ್ ಆದ ಮೇಲೆ ಮತ್ತಷ್ಟು. ತೊಡೆಯ ವ್ಯಾಯಾಮ ಈಗಿನಿಂದಲೇ ಶುರುಮಾಡಿ ಅನ್ನುವುದು ಅದಕ್ಕೇ. ಇನ್ನು ಮಡಿಸುವ ವಿಷಯ. ಸಮತಟ್ಟು ನೆಲದಲ್ಲಿ ನಡೆಯಲು ಮಂಡಿ ಸುಮಾರು 70 ಡಿಗ್ರಿ ಬಗ್ಗಿದರೆ ಸಾಕು. ಮೆಟ್ಟಿಲಿಗೆ 90 ಡಿಗ್ರಿಯ ಆಸುಪಾಸು ಬೇಕು. ಮನೆಯಲ್ಲಿ ಆರಾಮಾಗಿ ಓಡಾಡುತ್ತಿದ್ದವರು ಏಣಿಯ ಬುಡದಲ್ಲಿ ತಬ್ಬಿಬ್ಬಾಗುತ್ತಾರೆ.

ಮ್ಯಾನೇಜರಿಗೆ ಒಂದೇ ತಾರೀಖು ಕೊಡಬೇಡಿ. ಮೊದಲು ಅರ್ಧ ಪಾಳಿ, ನಡುವೆ ಕೂರಲು ಕುರ್ಚಿ, ಏಣಿ ಬೇಡ, ಆಮೇಲೆ ಸ್ವಲ್ಪಸ್ವಲ್ಪವೇ ಹೆಚ್ಚಿಸೋಣ ಅಂತ ಕೇಳಿ. ಒಪ್ಪಿದ್ದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆರು ವಾರ ಅಂತ ಹೇಳಿ ತಪ್ಪುವುದಕ್ಕಿಂತ 3 ತಿಂಗಳು ಕೇಳಿ ಬೇಗ ಹೋಗುವುದು ಮೇಲು, ಅಲ್ವಾ? ಸಂಜೆ ಹೊತ್ತಿಗೆ ಮಂಡಿ ಊದುವುದು ತಿಂಗಳುಗಟ್ಟಲೆ ಇರಬಹುದು. ನಿದ್ದೆ ಕೆಟ್ಟು ಸುಸ್ತೂ ಇರುತ್ತದೆ. ಅದು ಸೋಮಾರಿತನವಲ್ಲ ಅಂತ ಜೊತೆಯವರಿಗೂ ಮೊದಲೇ ಹೇಳಿಬಿಡಿ.

ಬಲಗಾಲು ಅಂದಿರಿ. ತಟ್ಟನೆ ಬ್ರೇಕ್ ಒತ್ತಲು ಆಗುವವರೆಗೆ ಗಾಡಿ ಓಡಿಸಬೇಡಿ. ಮೀನಖಂಡ ನೋವಿನಿಂದ ಊದಿಕೊಂಡರೆ, ಉಸಿರು ಕಟ್ಟಿದರೆ, ಗಾಯ ಸೋರಿದರೆ ಸುಮ್ನೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕೃತಕ ಮಂಡಿಗಳಲ್ಲಿ 10ಕ್ಕೆ 8 ಸುಮಾರು 25 ವರ್ಷ ಬಾಳುತ್ತವೆ. ಆದರೆ 50ರ ಆಸುಪಾಸಿನಲ್ಲಿ ಹಾಕಿಸಿಕೊಂಡವರಿಗೆ ಮುಂದೆ ಇನ್ನೊಂದು ಆಪರೇಷನ್ ಬೇಕಾಗುವ ಸಂಭವ ಜಾಸ್ತಿ. ಹಾಗಾಗಿ ಏಣಿ ಮತ್ತು ಭಾರದ ಕೆಲಸವನ್ನು ಪೂರ್ತಿ ಬಿಟ್ಟು ಬೇರೆ ಕೆಲಸ ಕೊಡುತ್ತಾರಾ ಅಂತ ಈ ಮಾತುಕತೆಯಲ್ಲೇ ಕೇಳಿನೋಡಿ.