ಟ್ಯುಲಿಪ್ ಹೂವಿನ ತವರು ಯಾವುದು?

ಮಾನ್ಯರೇ,

ಕಳೆದ ಸಂಚಿಕೆಯ ಹೂದೋಟದ ಲೇಖನದಲ್ಲಿ ನಾವು ಟ್ಯುಲಿಪ್ ಹೂವನ್ನು ‘ಹಾಲೆಂಡಿನ ಹೂವು’ ಎಂದು ಕರೆದದ್ದಕ್ಕೆ ತಾವು ಆಕ್ಷೇಪ ಎತ್ತಿದ್ದೀರಿ. ಅದರ ನಿಜವಾದ ತವರು ಯಾವುದು, ಒಂದು ಗೆಡ್ಡೆಯ ಹುಚ್ಚಿಗೆ ಇಡೀ ದೇಶವೇ ದಿವಾಳಿ ಎದ್ದಿತೆಂಬುದು ನಿಜವೇ, ಶ್ರೀನಗರದಿಂದ ತಂದ ಗೆಡ್ಡೆಗಳು ತಮ್ಮ ಧಾರವಾಡದ ಅಂಗಳದಲ್ಲಿ ಬರೀ ಎಲೆ ಬಿಟ್ಟು ಸುಮ್ಮನಾದದ್ದೇಕೆ ಎಂದೂ ಕೇಳಿದ್ದೀರಿ. ತಮ್ಮ ಆಕ್ಷೇಪ ಸರಿಯಾಗಿದೆ, ತಪ್ಪು ನಮ್ಮದು. ಮೂರೂ ಪ್ರಶ್ನೆಗಳಿಗೆ ಉತ್ತರ ಆ ಗೆಡ್ಡೆಯ ಸ್ವಭಾವದಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಾಡು ಟ್ಯುಲಿಪ್ ಜಾತಿಗಳು ಅತಿ ಹೆಚ್ಚಾಗಿ ಕಾಣಸಿಗುವುದು ಮಧ್ಯ ಏಷ್ಯಾದ ತಿಯೆನ್ ಶಾನ್ ಮತ್ತು ಪಾಮಿರ್ ಪರ್ವತಗಳ ಇಳಿಜಾರುಗಳಲ್ಲಿ. ಅಲ್ಲಿ ಚಳಿಗಾಲವಿಡೀ ಹಿಮ, ಬೇಸಗೆಯಲ್ಲಿ ಸುಡುವ ಒಣಹವೆ. ಹಿಮ ಕರಗಿದ ಮೇಲೆ ಸಿಗುವ ಕೆಲವೇ ವಾರಗಳಲ್ಲಿ ಚಿಗುರಿ, ಅರಳಿ, ಬೀಜ ಕಟ್ಟಿ, ವರ್ಷದ ಉಳಿದ ಭಾಗವನ್ನು ನೆಲದೊಳಗೆ ಗೆಡ್ಡೆಯಾಗಿಯೇ ಕಳೆಯುವ ಗಿಡವಿದು. ಕಾಶ್ಮೀರದಲ್ಲೂ ಹಳೆಯ ಮನೆ, ಮಸೀದಿಗಳ ಮಣ್ಣಿನ ಮಾಡಿನ ಮೇಲೆ ಕೆಂಪು ಟ್ಯುಲಿಪ್‌ಗಳು ಅರಳುತ್ತಿದ್ದವು. ಕಾಬೂಲಿನ ಬೆಟ್ಟದ ತಪ್ಪಲಿನಲ್ಲಿ ಬಾಬರ್ ಮೂವತ್ತಕ್ಕೂ ಹೆಚ್ಚು ಬಗೆಯ ‘ಲಾಲೆ’ಗಳನ್ನು, ಎಂದರೆ ಟ್ಯುಲಿಪ್‌ಗಳನ್ನು, ಎಣಿಸಿದ್ದಾಗಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ, ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬಿಡಿಸಿದ ಕೆಂಪು ಟ್ಯುಲಿಪ್ ಇಂದಿಗೂ ಉಳಿದಿದೆ.

ಆದರೆ ಕಾಡಿನ ಹೂವನ್ನು ತೋಟದ ಹೂವನ್ನಾಗಿಸಿ ಪಳಗಿಸಿದ ಶ್ರೇಯಸ್ಸು ಬಹುಪಾಲು ತುರ್ಕರದು ಎಂಬುದು ನನ್ನ ಅಭಿಪ್ರಾಯ. ಅರಬ್ಬೀ ಲಿಪಿಯಲ್ಲಿ ‘ಲಾಲೆ’ ಎಂದು ಬರೆಯಲು ಬೇಕಾಗುವುದು ‘ಅಲ್ಲಾಹ್’ ಎಂಬ ಹೆಸರಿನ ಅಕ್ಷರಗಳೇ ಆದ್ದರಿಂದ, ಒಟ್ಟೊಮನ್ನರು ಆ ಹೂವನ್ನು ಮಸೀದಿಯ ಹೆಂಚುಗಳ ಮೇಲೂ ಸುಲ್ತಾನರ ನಿಲುವಂಗಿಗಳ ಮೇಲೂ ಭಕ್ತಿಯಿಂದ ಚಿತ್ರಿಸಿದರು. ಅವರಿಗೆ ಮೆಚ್ಚಿನದು ಇಂದಿನ ಬಟ್ಟಲಿನಾಕಾರದ ಹೂವಲ್ಲ. ಕಠಾರಿಯಂತೆ ನೀಳವಾಗಿ, ತುದಿ ಸೂಜಿಯಂತೆ ಚೂಪಾದ ಎಸಳುಗಳ ಹೂವು. ಒಟ್ಟೊಮನ್ ಸುಲ್ತಾನ ಮೂರನೆಯ ಅಹ್ಮದನ ಕಾಲದಲ್ಲಿ ಈ ಒಲವು ಎಷ್ಟು ಬೆಳೆಯಿತೆಂದರೆ, ಅಪರೂಪದ ಗೆಡ್ಡೆಗಳಿಗೆ ಸರ್ಕಾರವೇ ಬೆಲೆ ಗೊತ್ತುಮಾಡಬೇಕಾಯಿತು. 1718ರಿಂದ 1730ರವರೆಗಿನ ಆ ಅವಧಿಯನ್ನು ಇತಿಹಾಸಕಾರರು ‘ಲಾಲೆ ಯುಗ’ ಎಂದೇ ಕರೆಯುತ್ತಾರೆ. ‘ಟ್ಯುಲಿಪ್’ ಎಂಬ ಹೆಸರು ಕೂಡ ರುಮಾಲಿನ ಬಟ್ಟೆಗಿದ್ದ ‘ತುಲ್ಬೆಂದ್’ ಎಂಬ ತುರ್ಕಿ ಪದದಿಂದಲೇ ಬಂದದ್ದು.

1562ರಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ (ಇಂದಿನ ಇಸ್ತಾಂಬುಲ್) ಇಂದಿನ ಬೆಲ್ಜಿಯಂನ ಆಂಟ್‌ವರ್ಪಿಗೆ ಬಂದ ಬಟ್ಟೆಯ ಸರಕಿನೊಂದಿಗೆ ಕೆಲವು ಗೆಡ್ಡೆಗಳೂ ಬಂದಿದ್ದವು. ಕಂದು ಸಿಪ್ಪೆಯ ಆ ಗೆಡ್ಡೆಗಳನ್ನು ಕಂಡ ವರ್ತಕ ಈರುಳ್ಳಿಯೇ ಇರಬೇಕೆಂದುಕೊಂಡು, ಕೆಲವನ್ನು ಕೆಂಡದಲ್ಲಿ ಸುಟ್ಟು ಎಣ್ಣೆ, ವಿನಿಗರ್ ಬೆರೆಸಿ ತಿಂದ. ಮಿಕ್ಕವನ್ನು ಎಲೆಕೋಸಿನ ಮಡಿಯ ಪಕ್ಕದಲ್ಲಿ ಹೂತ. ಇದನ್ನು ಬರೆದಿಟ್ಟವನು ಸಸ್ಯವಿಜ್ಞಾನಿ ಕ್ಲೂಸಿಯಸ್. ಅವನೇ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಬಂದು ನೆಟ್ಟ ಟ್ಯುಲಿಪ್‌ಗಳು ಮರುವರ್ಷದ ವಸಂತದಲ್ಲಿ ಅರಳಿದವು. ಹಾಲೆಂಡಿನ ಕಥೆ ಸಾಮಾನ್ಯವಾಗಿ ಶುರುವಾಗುವುದು ಇಲ್ಲಿಂದ.

ಇನ್ನು ಹಾಲೆಂಡಿನ ಆ ‘ಹುಚ್ಚು’. ಬೀಜದಿಂದ ಬೆಳೆಸಿದರೆ ಟ್ಯುಲಿಪ್ ಹೂಬಿಡಲು ಐದಾರು ವರ್ಷ ಬೇಕು, ಹೂವೂ ತಾಯಿಗಿಡದಂತೆಯೇ ಇರುವುದಿಲ್ಲ. ಅದೇ ಹೂವು ಬೇಕಾದರೆ ಗೆಡ್ಡೆಯ ಬುಡದಲ್ಲಿ ವರ್ಷಕ್ಕೆ ಎರಡು ಮೂರರಂತೆ ಮೂಡುವ ಮರಿಗೆಡ್ಡೆಗಳೇ ಗತಿ. ಬಿಳಿಯ ಮೇಲೆ ಕೆಂಪು ಜ್ವಾಲೆಯಂಥ ಗೆರೆಗಳಿದ್ದ ಹೂಗಳಿಗಂತೂ ಬೇಡಿಕೆ ವಿಪರೀತ. ಆ ಗೆರೆಗಳನ್ನು ಮೂಡಿಸುತ್ತಿದ್ದುದು ಗಿಡಹೇನುಗಳು ಹರಡುವ ವೈರಸ್ ಎಂಬುದು ಗೊತ್ತಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ವೈರಸ್ ತಗುಲಿದ ಗೆಡ್ಡೆ ಸೊರಗಿ ಮರಿ ಹಾಕುವುದೂ ಕಡಿಮೆಯಾದ್ದರಿಂದ, ಎಲ್ಲರೂ ಬಯಸಿದ ಹೂವೇ ಎಲ್ಲಕ್ಕಿಂತ ನಿಧಾನವಾಗಿ ಹೆಚ್ಚುತ್ತಿತ್ತು. ಗೆಡ್ಡೆ ಇನ್ನೂ ಮಣ್ಣಿನಲ್ಲಿರುವಾಗಲೇ ಹೆಂಡದಂಗಡಿಗಳಲ್ಲಿ ಕರಾರು ಪತ್ರಗಳು ಕೈಬದಲಾದವು. 1637ರ ಫೆಬ್ರುವರಿಯಲ್ಲಿ ಆಲ್ಕ್‌ಮಾರ್ ಪಟ್ಟಣದಲ್ಲಿ ತಂದೆಯನ್ನು ಕಳೆದುಕೊಂಡ ಮಕ್ಕಳ ಪಾಲಿನ ಗೆಡ್ಡೆಗಳನ್ನು ಹರಾಜು ಹಾಕಿದಾಗ ಸುಮಾರು 90,000 ಗಿಲ್ಡರ್ (ಆಗಿನ ಡಚ್ ನಾಣ್ಯ) ಕೂಗಾಯಿತು. ನುರಿತ ಕುಶಲಕರ್ಮಿಯೊಬ್ಬ ಆಗ ವರ್ಷವಿಡೀ ದುಡಿದರೆ ಸಿಗುತ್ತಿದ್ದುದು ಸುಮಾರು 300 ಗಿಲ್ಡರ್. ಅದೇ ವಾರ ಹಾರ್ಲೆಮ್‌ನಲ್ಲಿ ಕೊಳ್ಳುವವರಿಲ್ಲದೆ ಬೆಲೆ ಕುಸಿಯಿತು. ಆದರೆ ದೇಶ ದಿವಾಳಿಯಾಯಿತೆಂಬುದು ಮುಂದೆ ಊದಿಸಿದ ಮಾತು. ವ್ಯಾಪಾರ ಸೀಮಿತ ವಲಯದ ವರ್ತಕರಲ್ಲಿ ನಡೆದದ್ದು, ಬಹುತೇಕ ಕರಾರುಗಳಲ್ಲಿ ಹಣ ಕೈಬದಲಾಗಿರಲೇ ಇಲ್ಲ, ಮರುವರ್ಷ ಹಾರ್ಲೆಮ್ ಆಡಳಿತ ಶೇ. 3.5ರಷ್ಟು ಕೊಟ್ಟು ಕರಾರು ಮುರಿದುಕೊಳ್ಳಲು ಅವಕಾಶ ಕೊಟ್ಟಿತು. ಡಚ್ಚರ ವಾಣಿಜ್ಯ ಆಮೇಲೂ ಏರುಗತಿಯಲ್ಲೇ ಸಾಗಿತು.

ತಮ್ಮ ಅಂಗಳದ ಗೆಡ್ಡೆಗಳದು ಮಾತ್ರ ನಿಜವಾದ ಕಷ್ಟ. ಒಳಗಿನ ಹೂದಂಟು ಉದ್ದವಾಗಬೇಕಾದರೆ ಗೆಡ್ಡೆಗೆ ಮೂರು ತಿಂಗಳಿಗೂ ಮಿಕ್ಕಿದ ಗಟ್ಟಿ ಚಳಿ ಸಿಗಬೇಕು. ಧಾರವಾಡದ ಡಿಸೆಂಬರ್ ಅದಕ್ಕೆ ಸಾಲದು. ಮುಂದಿನ ಸಲ ಗೆಡ್ಡೆಗಳನ್ನು ಗಾಳಿಯಾಡುವ ಕಾಗದದ ಚೀಲದಲ್ಲಿ ಹಾಕಿ ಸೆಪ್ಟೆಂಬರಿನಿಂದಲೇ ಫ್ರಿಜ್ಜಿನ ತರಕಾರಿ ಖಾನೆಯಲ್ಲಿಟ್ಟು, ಡಿಸೆಂಬರ್ ಕೊನೆಗೆ ನೆರಳಿನ ಕುಂಡದಲ್ಲಿ ನೆಟ್ಟು ನೋಡಿ. ಜೊತೆಯಲ್ಲಿ ಸೇಬು ಇಡಬೇಡಿ. ಅದು ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಸತ್ತುಹೋಗುತ್ತದೆ.

— ಸಂಪಾದಕ