ನಿಮ್ಮ ಪಿ53 ಲೇಖನದ ಎರಡನೇ ಪ್ಯಾರಾ ಬಗ್ಗೆ

ನಮಸ್ಕಾರ. ಪಿ53 ಪ್ರೋಟೀನ್ ತಯಾರಿಸೋ ಟಿಪಿ53 ಜೀನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಆನೆಗಳಲ್ಲಿ ಈ ಜೀನಿನ ಸುಮಾರು 20 ಪ್ರತಿ ಇರೋದನ್ನ ತಂದಿದ್ದು ಚೆನ್ನಾಗಿದೆ. ಆದ್ರೆ ಎರಡನೇ ಪ್ಯಾರಾ ಓದಿ ನಂಗೆ ಸಿಟ್ಟು ಬಂತು, ಮುಚ್ಚಿಡಲ್ಲ.

"ನಮ್ಮೆಲ್ಲರ ಜೀವಕೋಶದಲ್ಲೂ ಒಂದು ಕ್ಯಾನ್ಸರ್ ಜೀನ್ ಅಡಗಿ ಕೂತಿದೆ" ಅಂತ ಶುರು ಮಾಡಿದೀರಿ. ಮನೇಲಿ ಕ್ಯಾನ್ಸರ್ ಕಂಡೋರು ಇದನ್ನ ಓದ್ತಾರೆ, ಅವರಿಗೆ ಏನನ್ಸುತ್ತೆ ಹೇಳಿ? ಈ ಜೀನ್ ಇದೆ ಅಂತ ಕ್ಯಾನ್ಸರ್ ಬರಲ್ಲ, ಅದು ಕೆಟ್ಟಾಗ ಕ್ಯಾನ್ಸರ್‌ಗೆ ಅಡ್ಡಿ ತಪ್ಪುತ್ತೆ. 1979ರಲ್ಲಿ ಪಿ53 ಪ್ರೋಟೀನ್ ಸಿಕ್ಕಾಗ ವಿಜ್ಞಾನಿಗಳೂ ಇದು ಕ್ಯಾನ್ಸರ್ ತರೋದು ಅಂತಾನೇ ನಂಬಿದ್ರು, ಯಾಕಂದ್ರೆ ಅವರು ಪ್ರಯೋಗಕ್ಕೆ ಬಳಸ್ತಿದ್ದ ಜೀನೇ ಮ್ಯುಟೇಷನ್ ಆಗಿದ್ದು, ಅಂದ್ರೆ ಬದಲಾಗಿ ಕೆಟ್ಟಿದ್ದು. 1989ರ ಹೊತ್ತಿಗೆ ಅದು ಗಡ್ಡೆ ತಡೆಯೋ ಜೀನ್ ಅಂತ ಖಚಿತ ಆಯ್ತು. ಅವರು ಆವಾಗ್ಲೇ ಬಿಟ್ಟ ಮಾತನ್ನ ನೀವು ಈಗ ಯಾಕೆ ಹಿಡ್ಕೊಂಡ್ರಿ?

ಮುಂದಿನ ಸಾಲು, "ಡಿಎನ್‌ಎಗೆ ಹಾನಿ ಆದ ಕೂಡಲೇ ಪಿ53 ಎಚ್ಚೆತ್ತು ಕೋಶವನ್ನ ಕಾಪಾಡುತ್ತೆ." ಹೇಗೆ? ನಾನು ಕೆಲಸ ಕಲಿತ ಪತ್ರಿಕೇಲಿ ಒಬ್ರು ಹಿರಿಯ ಸಂಪಾದಕರಿದ್ರು, ನಾನು ಬರೆದ ಹಾಳೆಗಳ ಮಾರ್ಜಿನ್ನಲ್ಲಿ ಪೆನ್ಸಿಲಿಂದ "ಹೇಗೆ?" ಅಂತ ಬರೆದು ವಾಪಸ್ ಕೊಡೋರು, ಉತ್ತರ ಹುಡುಕಿ ತರೋವರೆಗೂ ಆ ಹಾಳೆ ಅಚ್ಚಿಗೆ ಹೋಗ್ತಿರ್ಲಿಲ್ಲ, ನಾನು ಲೈಬ್ರರೀಲಿ ಕತ್ತಲಾಗೋವರೆಗೂ ಕೂತು ಅವರನ್ನ ಬೈಕೊಂಡೇ ಓದ್ತಿದ್ದೆ. ನನ್ನ ಓದು ಬೆಳೆದಿದ್ದೇ ಆ ಪೆನ್ಸಿಲಿಂದ.

ಉತ್ತರ ಇದೆ, ಸೊಗಸಾಗೂ ಇದೆ. ಆರೋಗ್ಯವಾಗಿರೋ ಕೋಶದಲ್ಲೂ ಪಿ53 ತಯಾರಾಗ್ತಾನೇ ಇರುತ್ತೆ, ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನ್ ಅದಕ್ಕೆ ಗುರುತು ಅಂಟಿಸಿ ನಿಮಿಷಗಳಲ್ಲೇ ನಾಶ ಮಾಡಿಸ್ತಿರುತ್ತೆ. ಡಿಎನ್‌ಎ ತುಂಡಾದಾಗ ಎಟಿಎಂ ಅನ್ನೋ ಕಿಣ್ವ ಪಿ53ಗೆ ಫಾಸ್ಫೇಟ್ ಸೇರಿಸುತ್ತೆ, ಎಂಡಿಎಂ2 ಹಿಡಿತ ಸಡಿಲ ಆಗುತ್ತೆ, ಪಿ53 ಜಮಾ ಆಗಿ ಡಿಎನ್‌ಎಗೆ ಕಚ್ಕೊಂಡು ಪಿ21 ಜೀನನ್ನ ಆನ್ ಮಾಡುತ್ತೆ, ಆಗ ಕೋಶ ವಿಭಜನೆ ನಿಂತು ರಿಪೇರಿಗೆ ಟೈಮ್ ಸಿಗುತ್ತೆ. ರಿಪೇರಿ ಆಗದಷ್ಟು ಹಾನಿ ಇದ್ರೆ ಕೋಶ ತಾನಾಗೇ ಸಾಯೋ ಹಾಗೂ ಮಾಡುತ್ತೆ. ಕ್ಯಾನ್ಸರಲ್ಲಿ ಸಿಗೋ ಮ್ಯುಟೇಷನ್‌ಗಳಲ್ಲಿ ಹೆಚ್ಚಿನವು ಡಿಎನ್‌ಎಗೆ ಕಚ್ಚೋ ಭಾಗದಲ್ಲೇ ಇರ್ತವೆ. ಪಿ53 ಅನ್ನೋ ಸರಪಳಿ ಕಟ್ಟಿರೋ 393 ಅಮೈನೋ ಆಮ್ಲಗಳಲ್ಲಿ 273ನೇದು ಒಂದು ಬದಲಾದ್ರೂ ಸಾಕು, ಡಿಎನ್‌ಎ ಮೇಲೆ ಅದರ ಹಿಡಿತ ತಪ್ಪುತ್ತೆ, ಪೆಟ್ಟು ಬಿದ್ದ ಕೋಶ ನಿಲ್ಲದೆ ವಿಭಜನೆ ಆಗ್ತಾ ಹೋಗುತ್ತೆ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಈ ಜೀನ್ ಕೆಟ್ಟಿರುತ್ತೆ ಅಂತ ನೀವು ಕೊನೇಲಿ ಬರೆದಿದ್ದು ಸರೀನೇ, ಆದ್ರೆ ಇದೆಲ್ಲ ಮೊದಲು ಬರದೇ ಹೋದ್ರೆ ಯಾಕೆ ಅಂತ ಓದೋರಿಗೆ ಹೊಳೆಯಲ್ಲ.

ಆ ಪ್ಯಾರಾ ಒಂದನ್ನೇ ಹೊಸದಾಗಿ ಬರೆದು ಕಳ್ಸಿ. ಉದ್ದ ಆಗ್ಲಿ ಪರವಾಗಿಲ್ಲ, ಜಾಗ ನಾನು ಮಾಡ್ಕೊಡ್ತೀನಿ.