ಏರಿನಲ್ಲಿ ಎಳೆಯದ ಡೀಸೆಲ್ ಕಾರು

ಪ್ರಶ್ನೆ: ನನ್ನ ಡೀಸೆಲ್ ಕಾರು 2017ರದ್ದು, 82,000 ಕಿ.ಮೀ. ಓಡಿದೆ. ಪಾಣತ್ತೂರಿನಿಂದ ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹತ್ತುವಾಗ ಒಮ್ಮೆಲೇ ಪಿಕಪ್ ಹೋಗಿ, ಹಳದಿ ಇಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ. ಸ್ಕ್ಯಾನರಿನಲ್ಲಿ ಪಿ0299 ಎಂದು ಬಂತು. ಟರ್ಬೊ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ಬದಲಿಸಲೇ?
– ಓದುಗರೊಬ್ಬರು, ಬಂದಡ್ಕ

ಉತ್ತರ: ಈಗಲೇ ಬೇಡ. ಪಿ0299 ಅಂದರೆ ಇಂಜಿನ್ ಕೇಳಿದಷ್ಟು ಒತ್ತಡದ ಗಾಳಿ ಸಿಗಲಿಲ್ಲ ಎಂದಷ್ಟೇ. ಇಂಜಿನಿಗೆ ಗಾಳಿಯನ್ನು ಒತ್ತಿ ಕಳಿಸುವ ಟರ್ಬೊ ಕೆಟ್ಟಿದೆ ಎಂದು ಆ ಕೋಡ್ ಹೇಳುವುದಿಲ್ಲ. ಗಾಳಿ ಸಾಲದಾಗ ಕಂಪ್ಯೂಟರ್ ಇಂಜಿನನ್ನು ಕಾಪಾಡಲು ಶಕ್ತಿ ಕಡಿತ ಮಾಡುತ್ತದೆ. ಕೀ ಆಫ್ ಮಾಡಿದಾಗ ಆ ಕಡಿತ ತೆರವಾಗುವುದರಿಂದ ಮತ್ತೆ ಸ್ವಲ್ಪ ದೂರ ಗಾಡಿ ಎಳೆಯುತ್ತದೆ.

ಮೊದಲು ಟರ್ಬೊದಿಂದ ಆ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನಿಗೆ ಹೋಗುವ ದಪ್ಪ ರಬ್ಬರ್ ಪೈಪುಗಳನ್ನು ನೋಡಿ. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಪೈಪಿನ ಅಡಿಭಾಗಕ್ಕೆ ಬೆರಳು ಆಡಿಸಿ. ಸೀಳು ಹೆಚ್ಚಾಗಿ ಕಣ್ಣಿಗೆ ಕಾಣದ ಕೆಳಮಗ್ಗುಲಲ್ಲೇ ಇರುತ್ತದೆ, ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಗಾಳಿಯ ಜೊತೆ ಆಯಿಲಿನ ಪಸೆಯೂ ಹೊರಬರುವುದರಿಂದ ಆ ಜಾಗದಲ್ಲಿ ಕಪ್ಪು ಜಿಡ್ಡಿನ ಮೇಲೆ ಧೂಳು ಮೆತ್ತಿಕೊಂಡಿರುತ್ತದೆ. ಏರಿನಲ್ಲಿ ‘ಸುಸ್’ ಎಂಬ ಸದ್ದು, ಕಪ್ಪು ಹೊಗೆ ಇದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಕ್ಲ್ಯಾಂಪುಗಳನ್ನೂ ಬಿಗಿಮಾಡಿ. ಪೈಪು ಸೀಳಿದ್ದರೆ ಟೇಪು ಸುತ್ತಬೇಡಿ, ಒಂದೇ ಘಾಟಿಗೆ ಕಿತ್ತುಹೋಗುತ್ತದೆ.

ಆಮೇಲೆ ಪೆನ್ಸಿಲಿಗಿಂತ ಸಪುರವಾದ ವ್ಯಾಕ್ಯೂಮ್ ಪೈಪುಗಳು. ಬಿಸಿಗೆ ಇವುಗಳ ತುದಿ ಒಣಗಿ ಬಿರಿಯುತ್ತದೆ. ನಿಮ್ಮ ಕಾರಿನ ಟರ್ಬೊ ವ್ಯಾಕ್ಯೂಮಿನಿಂದ ನಡೆಯುವುದಾದರೆ ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ದೂರದಿಂದಲೇ ಟರ್ಬೊದ ಪಕ್ಕದ ಸಣ್ಣ ರಾಡನ್ನು ನೋಡಲಿ. ಸ್ಟಾರ್ಟ್ ಆದ ಕೂಡಲೇ ಅದು ಸಲೀಸಾಗಿ ಎಳೆದುಕೊಂಡು, ಆಫ್ ಮಾಡಿದಾಗ ಹಿಂದಕ್ಕೆ ಬರಬೇಕು. ಅಲುಗಾಡದಿದ್ದರೆ ಪೈಪು, ವ್ಯಾಕ್ಯೂಮನ್ನು ನಿಯಂತ್ರಿಸುವ ಸೊಲೆನಾಯ್ಡ್ ವಾಲ್ವ್ ನೋಡಬೇಕು. ತಡೆತಡೆದು ಚಲಿಸಿದರೆ ಟರ್ಬೊ ಒಳಗಿನ ರೆಕ್ಕೆಗಳಿಗೆ ಮಸಿ ಹಿಡಿದಿರಬಹುದು. ಅದನ್ನು ಬಿಚ್ಚಿ ಶುಚಿಮಾಡಲು ಸಾಧ್ಯ.

ಇಷ್ಟರಲ್ಲೂ ಏನೂ ಸಿಗದಿದ್ದರೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಆ ಕ್ಷಣದ ಅಳತೆಗಳು) ಹಾಕಿಸಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನಮ್ಮ ಕರಾವಳಿಯಲ್ಲಿ 100 ಕಿಲೋಪಾಸ್ಕಲ್ ಆಸುಪಾಸು ತೋರಿಸಬೇಕು. ತೀರಾ ಬೇರೆಯಿದ್ದರೆ ಸೆನ್ಸರೇ ಮಸಿ ಕಟ್ಟಿರಬಹುದು. ಮೂರನೇ ಗೇರಿನಲ್ಲಿ ಏರು ಹತ್ತುತ್ತಾ, ಬೇಕಾದ ಒತ್ತಡವೆಷ್ಟು, ಸಿಕ್ಕ ಒತ್ತಡವೆಷ್ಟು ಎಂದು ಹೋಲಿಸಿ. ಟರ್ಬೊದ ಸರದಿ ಕೊನೆಗೆ: ಗಾಳಿ ಒಳಹೋಗುವ ಪೈಪು ಬಿಚ್ಚಿ ಶಾಫ್ಟ್ ಹಿಡಿದು ನೋಡಿ. ಅಡ್ಡಕ್ಕೆ ಕೊಂಚ ಆಡಿದರೆ ತೊಂದರೆಯಿಲ್ಲ. ಹಿಂದೆಮುಂದೆ ಆಡುತ್ತಿದ್ದರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಮಾತ್ರ ನಿಮ್ಮ ಗ್ಯಾರೇಜಿನವರು ಹೇಳಿದ್ದು ಸರಿ.

ಮುಂದೆಂದಾದರೂ ಪಿ0087 ಬಂದರೆ ಅದು ಗಾಳಿಯ ಸಮಸ್ಯೆಯಲ್ಲ, ಡೀಸೆಲಿನ ಒತ್ತಡ ಸಾಲದ್ದು. ಡೀಸೆಲ್ ಫಿಲ್ಟರಿನಿಂದ ಶುರುಮಾಡಿ. ಮಳೆಗಾಲದಲ್ಲಿ ಫಿಲ್ಟರಿನ ನೀರನ್ನೂ ಇಳಿಸಬೇಕು.

ಪ್ರಶ್ನೆ: ನನ್ನದು ಬಿಎಸ್6 ಡೀಸೆಲ್. ಉಪ್ಪಳ–ಹೊಸಂಗಡಿ ನಡುವೆಯೇ ಓಡಾಟ. ಡಿಪಿಎಫ್ ಲೈಟ್ ಪದೇ ಪದೇ ಬರುತ್ತದೆ.
– ಓದುಗರೊಬ್ಬರು, ಉಪ್ಪಳ

ಉತ್ತರ: ಡಿಪಿಎಫ್ ಅಂದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್. ಆ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಐದಾರು ಕಿ.ಮೀ. ಓಟದಲ್ಲಿ ಅಷ್ಟು ಕಾವೇರುವುದಿಲ್ಲ. ಲೈಟ್ ಸ್ಥಿರವಾಗಿ ಉರಿಯುತ್ತಿದ್ದರೆ ತಲಪಾಡಿ ಕಡೆಗೆ ಹೆದ್ದಾರಿಯಲ್ಲಿ ನಿಲ್ಲಿಸದೆ 20 ನಿಮಿಷ, 60 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ, ಇಂಜಿನ್ ನಿಮಿಷಕ್ಕೆ 2,000 ಸುತ್ತಿನ ಮೇಲಿರುವ ಗೇರಿನಲ್ಲಿ ಓಡಿಸಿ. ಲೈಟ್ ಮಿನುಗಿದರೆ ಅಥವಾ ಇಂಜಿನ್ ಲೈಟೂ ಜೊತೆಗೂಡಿದರೆ ಇದು ಬೇಡ, ಸರ್ವಿಸ್ ಸೆಂಟರಿಗೆ ಒಯ್ಯಿರಿ. ಡಿಪ್‌ಸ್ಟಿಕ್ ಕೂಡ ನೋಡಿ: ಆಯಿಲ್ ಮೇಲಿನ ಗೆರೆ ದಾಟಿದ್ದರೆ ಮಸಿ ಸುಡಲೆಂದು ಇಂಜಿನ್ ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್, ಸುಡುವಿಕೆ ಅರ್ಧಕ್ಕೆ ನಿಂತು, ಆಯಿಲಿಗೆ ಇಳಿದಿರುವ ಸಾಧ್ಯತೆ ಹೆಚ್ಚು. ಆಗ ಆಯಿಲ್ ಬದಲಿಸಿದ ಮೇಲೆಯೇ ಗಾಡಿ ಓಡಿಸಿ.